ಪಾಲಾದದ್ದು ಯಾವುದು, ಪಾಲಾಗದೆ ಉಳಿದದ್ದು ಯಾವುದು? ವರ್ಚುವಲ್ ಕಾಂಟೆಕ್ಸ್ಟ್ ಫೈರ್‌ವಾಲ್ ಕುರಿತ ಒಂದು ಪಾಠ

ಎನ್‌ಸಿಇಆರ್‌ಟಿಯ 12ನೇ ತರಗತಿ ಗಣಕ ವಿಜ್ಞಾನ ಪುಸ್ತಕದ 12ನೇ ಅಧ್ಯಾಯದ ಹೆಸರು ‘ಸೆಕ್ಯುರಿಟಿ ಆಸ್ಪೆಕ್ಟ್ಸ್’. ಅದರಲ್ಲಿ ಫೈರ್‌ವಾಲ್‌ನ ಅರ್ಥವಿದೆ; ನೆಟ್‌ವರ್ಕ್ ಫೈರ್‌ವಾಲ್, ಹೋಸ್ಟ್ ಫೈರ್‌ವಾಲ್ ಎಂಬ ಎರಡು ಬಗೆಗಳ ವಿವರವಿದೆ. ಅಭ್ಯಾಸ ಬೋಧನೆಗೆ ಹೋಗುವ ನಾವು ‘ಫೈರ್‌ವಾಲ್ ಎಂದರೆ ಬಾಗಿಲಲ್ಲಿ ನಿಂತ ಕಾವಲುಗಾರ’ ಎಂದು ಹೇಳಿ, ಹಲಗೆಯ ಮೇಲೆ ಇಟ್ಟಿಗೆ ಗೋಡೆಯೊಂದನ್ನು ಬರೆದು, ಮುಂದಿನ ಅಂಶಕ್ಕೆ ದಾಟುತ್ತೇವೆ. ಪರೀಕ್ಷೆಯ ಉತ್ತರಕ್ಕೆ ಇಷ್ಟು ಸಾಕು. ಆದರೆ ಕಾವಲುಗಾರನ ಹೋಲಿಕೆ ಒಂದು ಮನೆ, ಒಂದು ಬಾಗಿಲು ಇರುವವರೆಗೆ ಮಾತ್ರ ಕೆಲಸ ಮಾಡುತ್ತದೆ. ಒಂದೇ ಉಪಕರಣ ಹಲವು ಕಚೇರಿಗಳಿಗೆ ಬೇರೆ ಬೇರೆ ಫೈರ್‌ವಾಲ್ ಆಗಿ ದುಡಿಯುವುದನ್ನು ವಿವರಿಸಲು ಹೊರಟಾಗ ಅದು ಕೈಕೊಡುತ್ತದೆ.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಅಭ್ಯಾಸ ಬೋಧನೆಗಾಗಿ ಸಿದ್ಧಪಡಿಸಿದ ಪುಷ್ಟೀಕರಣ ಪಾಠವೊಂದರ ವಿವರ ಈ ಲೇಖನದಲ್ಲಿದೆ. ಪಾಠದ ವಿಷಯ: ಹಲವು ವರ್ಚುವಲ್ ಕಾಂಟೆಕ್ಸ್ಟ್‌ಗಳಾಗಿ ವಿಂಗಡಿಸಿದ ಫೈರ್‌ವಾಲ್ ಅನ್ನು ಕಾನ್ಫಿಗರ್ ಮಾಡುವುದು. ಇದನ್ನು ಆದೇಶಗಳ ಪಟ್ಟಿಯಿಂದ ಆರಂಭಿಸಬಾರದು, ‘ಪಾಲಾದದ್ದು ಯಾವುದು, ಪಾಲಾಗದೆ ಉಳಿದದ್ದು ಯಾವುದು’ ಎಂಬ ಪ್ರಶ್ನೆಯಿಂದ ಆರಂಭಿಸಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣ ಪಾಠದ ಹೆಜ್ಜೆಗಳಲ್ಲೇ ತಿಳಿಯುತ್ತದೆ.

ಪಾಠದ ವಿವರ

ತರಗತಿ: ದ್ವಿತೀಯ ಪಿಯುಸಿ, ಗಣಕ ವಿಜ್ಞಾನ. ಅವಧಿ: 45 ನಿಮಿಷಗಳ ಎರಡು ಅವಧಿಗಳು. ವಿಧಾನ: 5ಇ ಮಾದರಿ.

ಪೂರ್ವಜ್ಞಾನ: ಐಪಿ ವಿಳಾಸ, ಮ್ಯಾಕ್ ವಿಳಾಸ, ಸ್ವಿಚ್ ಮತ್ತು ರೂಟರ್‌ಗಳ ಕೆಲಸ, ಫೈರ್‌ವಾಲ್‌ನ ಸರಳ ಅರ್ಥ.

ಕಲಿಕಾ ಫಲಗಳು: ಪಾಠದ ಕೊನೆಗೆ ವಿದ್ಯಾರ್ಥಿಯು, 1) ಕಾಂಟೆಕ್ಸ್ಟ್ ಎಂದರೇನೆಂದು ತನ್ನ ಮಾತಿನಲ್ಲಿ ವಿವರಿಸುವನು, 2) ಬಂದ ಪ್ಯಾಕೆಟ್ ಯಾವ ಕಾಂಟೆಕ್ಸ್ಟ್‌ಗೆ ಸೇರಿದ್ದೆಂದು ಕಾರಣ ಸಹಿತ ಗುರುತಿಸುವನು, 3) ಕಾನ್ಫಿಗರ್ ಮಾಡುವ ಹೆಜ್ಜೆಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸುವನು, 4) ಪಾಲಾಗದೆ ಉಳಿದ ಸಂಪನ್ಮೂಲಕ್ಕೆ ಮಿತಿ ಏಕೆ ಬೇಕೆಂದು ಲೆಕ್ಕದ ಮೂಲಕ ತೋರಿಸುವನು.

ಬೋಧನೋಪಕರಣಗಳು: ಹಳೆಯ ಲಕೋಟೆಗಳು, ಮೂರು ರಟ್ಟಿನ ಪೆಟ್ಟಿಗೆ, ಬಣ್ಣದ ಸೀಮೆಸುಣ್ಣ, ಉಬುಂಟು ಇರುವ ಒಂದು ಗಣಕಯಂತ್ರ. ಫೈರ್‌ವಾಲ್ ಉಪಕರಣ ಬೇಕಿಲ್ಲ.

ಈ ಪಾಠ ನಮ್ಮ ಮಕ್ಕಳಿಗೆ ಏಕೆ?

‘ಇಷ್ಟು ದೊಡ್ಡ ಉಪಕರಣದ ವಿಷಯ ತಾಲ್ಲೂಕಿನ ಮಕ್ಕಳಿಗೆ ಏಕೆ’ ಎಂದು ಪಾಠ ಅವಲೋಕಿಸುವವರು ಕೇಳಬಹುದು. ನಮ್ಮ ವಿದ್ಯಾರ್ಥಿಗಳ ಮನೆಯ ಕಾಗದಪತ್ರಗಳೆಲ್ಲ ಈಗ ಜಾಲದ ಮೇಲೆಯೇ ಓಡಾಡುತ್ತವೆ. ಪಹಣಿ ‘ಭೂಮಿ’ ತಂತ್ರಾಂಶದಿಂದ ಬರುತ್ತದೆ, ಹೊಲದ ನೋಂದಣಿ ‘ಕಾವೇರಿ’ಯಲ್ಲಿ ಆಗುತ್ತದೆ, ಸರ್ಕಾರದ ಬಿಲ್ಲುಗಳು ‘ಖಜಾನೆ’ಯಲ್ಲಿ ಸಾಗುತ್ತವೆ. ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋದರೂ, ಕಾಲೇಜು ಪ್ರವೇಶಕ್ಕೆ 371ಜೆ ಪ್ರಮಾಣಪತ್ರ ಬೇಕಾದರೂ ಅರ್ಜಿ ಸಾಗುವುದು ಜಾಲದ ಮೂಲಕವೇ. ರಾಜ್ಯದ ಕೇಂದ್ರದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಕನಿಷ್ಠ 2 ಎಂಬಿಪಿಎಸ್ ಸಂಪರ್ಕ ಕೊಡುವ ‘ಸ್ವಾನ್’ ಯೋಜನೆಗೆ ಕೇಂದ್ರ ಸರ್ಕಾರ 2005ರ ಮಾರ್ಚ್‌ನಲ್ಲಿ ಒಪ್ಪಿಗೆ ನೀಡಿತು. ನಮ್ಮ ರಾಜ್ಯದಲ್ಲಿ ಆ ಜಾಲದ ಹೆಸರು ಕೆ-ಸ್ವಾನ್. ಹಲವು ಇಲಾಖೆಗಳು ಒಂದೇ ಜಾಲವನ್ನು ಬಳಸುವಾಗ ‘ಒಬ್ಬರ ತೊಂದರೆ ಇನ್ನೊಬ್ಬರಿಗೆ ತಗಲದಂತೆ ಹೇಗೆ ಬೇರ್ಪಡಿಸುವುದು’ ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಬ್ಯಾಂಕಿನಲ್ಲಿ ಬೆಳೆಸಾಲಕ್ಕೆ ಕೊನೆಯ ದಿನ ಇರುವಾಗ ಪಹಣಿ ಸಿಗದೆ ವಾಪಸ್ಸು ಬಂದ ತಂದೆಯನ್ನು ಕಂಡ ವಿದ್ಯಾರ್ಥಿಗೆ ಈ ಪ್ರಶ್ನೆಯ ತೂಕವನ್ನು ಬಿಡಿಸಿ ಹೇಳಬೇಕಿಲ್ಲ.

ಪಾಠದಲ್ಲಿ ಬಳಸುವ ಜಾಲದ ಚಿತ್ರ ಮಾತ್ರ ಪೂರ್ತಿ ಕಲ್ಪಿತ. ಕಲಬುರಗಿಯಲ್ಲಿ ಒಂದು ಫೈರ್‌ವಾಲ್ ಇದೆ, ಅದು ಮೂರು ತಾಲ್ಲೂಕುಗಳ ಗ್ರಂಥಾಲಯಗಳನ್ನು ಕಾಯುತ್ತದೆ ಎಂದು ಇಟ್ಟುಕೊಳ್ಳುತ್ತೇವೆ. ಮೂರು ಕಾಂಟೆಕ್ಸ್ಟ್‌ಗಳ ಹೆಸರು: ಆಳಂದ, ಅಫಜಲಪುರ, ಜೇವರ್ಗಿ. ಇದನ್ನು ತರಗತಿಯಲ್ಲಿ ಮೊದಲೇ ಸ್ಪಷ್ಟವಾಗಿ ಹೇಳಬೇಕು.

ಹಂತ 1: ತೊಡಗಿಸಿಕೊಳ್ಳುವಿಕೆ

ಹಲಗೆಯ ಮೇಲೆ ಒಂದು ಹೊಲದ ಚಿತ್ರ ಬರೆದು ‘ಸರ್ವೆ ನಂಬರ್ 45’ ಎಂದು ಬರೆಯಿರಿ. ನಡುವೆ ಒಂದು ಬಾವಿ, ಒಂದು ದಾರಿ. ‘ಮೂವರು ಅಣ್ಣತಮ್ಮಂದಿರು ಪಾಲು ಮಾಡಿಕೊಂಡರೆ ಏನೇನು ಬೇರೆಯಾಗುತ್ತದೆ?’ ಎಂದು ಕೇಳಿರಿ. ಈ ಭಾಗದ ಮಕ್ಕಳಿಗೆ ಹಿಸ್ಸಾ, ಪಹಣಿ, ಬದು ಎಲ್ಲವೂ ಮನೆಮಾತು. 45/1, 45/2, 45/3 ಎಂದು ಹಿಸ್ಸಾ ಬೀಳುತ್ತದೆ, ಪಹಣಿ ಬೇರೆಯಾಗುತ್ತದೆ, ಸಾಲ ಬೇರೆ, ಬೆಳೆ ಬೇರೆ ಎಂಬ ಉತ್ತರಗಳು ಬೇಗ ಬರುತ್ತವೆ. ಅವುಗಳನ್ನು ಎಡಗಡೆಯ ಕಾಲಂನಲ್ಲಿ ‘ಪಾಲಾದದ್ದು’ ಎಂಬ ಶೀರ್ಷಿಕೆಯಡಿ ಬರೆಯಿರಿ.

ಬಲಗಡೆಯ ಕಾಲಂ ಖಾಲಿ ಬಿಡಿ. ಹೆಚ್ಚು ಹೊತ್ತು ಆಗುವ ಮೊದಲೇ ಯಾರಾದರೊಬ್ಬರು ಕೇಳುತ್ತಾರೆ: ‘ಮೇಡಂ, ಪಾಲು ಆದ್ ಮ್ಯಾಲೂ ಬಾವಿ ಒಂದೇ ಇರ್ತದಲ್ರೀ?’ ಆ ಪ್ರಶ್ನೆ ಬಂದಾಗ ಬಲಗಡೆ ‘ಪಾಲಾಗದೆ ಉಳಿದದ್ದು’ ಎಂದು ಬರೆದು ಅದರಡಿ ಬಾವಿ, ದಾರಿ ಎರಡನ್ನೂ ಸೇರಿಸಿ. ಪ್ರಶ್ನೆ ಬಾರದಿದ್ದರೆ ಚಿತ್ರದ ಬಾವಿಯನ್ನು ತೋರಿಸಿ ‘ಇದು ಯಾರ ಪಾಲಿಗೆ?’ ಎಂದರೆ ಸಾಕು.

ಈಗ ಹೊಲದ ಪಕ್ಕದಲ್ಲಿ ಫೈರ್‌ವಾಲ್ ಉಪಕರಣದ ಚಿತ್ರ ಬರೆದು, ಅದೇ ಎರಡು ಕಾಲಂಗಳನ್ನು ಅದಕ್ಕೂ ಎಳೆಯಿರಿ. ಎಡಗಡೆ ಬರಬೇಕಾದವು: ಪ್ರತಿ ಕಾಂಟೆಕ್ಸ್ಟ್‌ನ ಇಂಟರ್‌ಫೇಸ್‌ಗಳು, ನಿಯಮಪಟ್ಟಿ, ವಿಳಾಸ ಬದಲಾವಣೆ ಅಂದರೆ ನ್ಯಾಟ್, ರೂಟಿಂಗ್ ಪಟ್ಟಿ, ಅದನ್ನು ನೋಡಿಕೊಳ್ಳುವ ನಿರ್ವಾಹಕ. ಬಲಗಡೆ: ಪ್ರೊಸೆಸರ್, ಮೆಮೊರಿ, ವಿದ್ಯುತ್, ಆಪರೇಟಿಂಗ್ ಸಿಸ್ಟಂ, ಒಟ್ಟು ಸಂಪರ್ಕಗಳ ಮಿತಿ, ಕೆಲವೊಮ್ಮೆ ಹೊರಗಿನ ತಂತಿ. ಎರಡೂ ಅವಧಿಗಳು ಮುಗಿಯುವವರೆಗೆ ಈ ಕಾಲಂಗಳನ್ನು ಅಳಿಸಬಾರದು.

ಎಡಗಡೆಯ ಕಾಲಂನಿಂದ ಒಂದು ಲಾಭವನ್ನು ಇಲ್ಲಿಯೇ ತೋರಿಸಬಹುದು. ಮೂರು ಗ್ರಂಥಾಲಯಗಳೂ ಒಳಗಡೆ 192.168.1.0 ಎಂಬ ಒಂದೇ ಜಾಲವಿಳಾಸವನ್ನು ಇಟ್ಟುಕೊಂಡಿವೆ ಎಂದುಕೊಳ್ಳಿ. ಸಾಮಾನ್ಯ ಫೈರ್‌ವಾಲ್‌ನಲ್ಲಿ ಇದು ಗೊಂದಲ. ಕಾಂಟೆಕ್ಸ್ಟ್‌ಗಳಲ್ಲಿ ರೂಟಿಂಗ್ ಪಟ್ಟಿ ಬೇರೆ ಬೇರೆ ಇರುವುದರಿಂದ, ಒಳಗಿನ ಇಂಟರ್‌ಫೇಸ್‌ಗಳೂ ಬೇರೆ ಇದ್ದರೆ ತೊಂದರೆಯಿಲ್ಲ. ಆಳಂದದಲ್ಲೂ ಒಬ್ಬ ಶರಣಪ್ಪ, ಜೇವರ್ಗಿಯಲ್ಲೂ ಒಬ್ಬ ಶರಣಪ್ಪ ಇರಬಹುದು, ಊರು ಬೇರೆ ಇರುವವರೆಗೆ ಯಾರಿಗೂ ಗೊಂದಲವಾಗದು.

ಹಂತ 2: ಅನ್ವೇಷಣೆ – ಅಂಚೆಯ ಆಟ

ಈ ಪಾಠದಲ್ಲಿ ಮಕ್ಕಳು ಎಡವುವ ಜಾಗ ನಿಯಮಪಟ್ಟಿ ಅಲ್ಲ. ಪ್ಯಾಕೆಟ್ ಒಳಬಂದ ಕ್ಷಣದಲ್ಲಿ ಅದು ಯಾವ ಕಾಂಟೆಕ್ಸ್ಟ್‌ನದು ಎಂದು ಯಾರು, ಹೇಗೆ ನಿರ್ಧರಿಸುತ್ತಾರೆ ಎಂಬುದು ಅವರಿಗೆ ಹೊಳೆಯುವುದಿಲ್ಲ. ಈ ಕೆಲಸ ಮಾಡುವ ಭಾಗಕ್ಕೆ ‘ಕ್ಲಾಸಿಫೈಯರ್’ ಎಂದು ಹೆಸರು. ಕನ್ನಡದಲ್ಲಿ ವಿಂಗಡಕ ಎನ್ನಬಹುದು. ವಿಂಗಡಕ ಇರುವುದು ಬಲಗಡೆಯ ಕಾಲಂನಲ್ಲಿ, ಅಂದರೆ ಅದು ಮೂವರಿಗೂ ಒಂದೇ.

ಆಟಕ್ಕಾಗಿ ತರಗತಿಯನ್ನು ಮೂರು ಗುಂಪು ಮಾಡಿ ಪ್ರತಿ ಗುಂಪಿಗೆ ಒಂದು ಪೆಟ್ಟಿಗೆ ಕೊಡಿ. ಪಿನ್‌ಕೋಡ್‌ಗಳು ಮಕ್ಕಳಿಗೆ ಗೊತ್ತೇ ಇವೆ: ಅಫಜಲಪುರ 585301, ಆಳಂದ 585302, ಜೇವರ್ಗಿ 585310. ಒಬ್ಬ ವಿದ್ಯಾರ್ಥಿ ವಿಂಗಡಕನಾಗಿ ಮುಂದೆ ನಿಲ್ಲಲಿ. ಅವನಿಗೆ ಒಂದೇ ಷರತ್ತು: ಲಕೋಟೆ ಒಡೆಯುವಂತಿಲ್ಲ.

ಮೊದಲ ಸುತ್ತು: ಮೂರು ಕಡೆಯ ಲಕೋಟೆಗಳು ಮೂರು ಬೇರೆ ಬೇರೆ ಬಾಗಿಲಿನಿಂದ ಬರುತ್ತವೆ. ವಿಂಗಡಿಸುವ ಕೆಲಸವೇ ಇಲ್ಲ. ಒಂದು ಇಂಟರ್‌ಫೇಸ್ ಒಂದೇ ಕಾಂಟೆಕ್ಸ್ಟ್‌ಗೆ ಸೇರಿದ್ದರೆ ಅಲ್ಲಿಂದ ಬಂದದ್ದೆಲ್ಲ ಅದರದೇ.

ಎರಡನೇ ಸುತ್ತು: ಎಲ್ಲವೂ ಒಂದೇ ಚೀಲದಲ್ಲಿ ಬರುತ್ತವೆ, ಲಕೋಟೆಯ ಮೇಲೆ ಪಿನ್‌ಕೋಡ್ ಇದೆ. ಇದು ಹಂಚಿಕೊಂಡ ಇಂಟರ್‌ಫೇಸ್‌ನ ಸ್ಥಿತಿ. ಇಲ್ಲಿ ಪಿನ್‌ಕೋಡ್‌ನ ಕೆಲಸ ಮಾಡುವುದು ಮ್ಯಾಕ್ ವಿಳಾಸ. ಹೊರಗಿನ ತಂತಿ ಒಂದೇ ಆದರೂ ಅದರ ಮೇಲೆ ಪ್ರತಿ ಕಾಂಟೆಕ್ಸ್ಟ್‌ಗೆ ಬೇರೆ ಮ್ಯಾಕ್ ವಿಳಾಸ ಕೊಡಬಹುದು.

ಮೂರನೇ ಸುತ್ತು: ಚೀಲ ಒಂದೇ, ಪಿನ್‌ಕೋಡ್ ಇಲ್ಲ, ಹೆಸರು ಮಾತ್ರ ಇದೆ. ವಿಂಗಡಕನ ಕೈಯಲ್ಲಿ ಮೂರು ಊರಿನವರೂ ಬರೆಸಿದ ಹೆಸರಿನ ಪಟ್ಟಿ ಇದೆ. ಪಟ್ಟಿಯಲ್ಲಿ ಹೆಸರು ಸಿಕ್ಕರೆ ಕಳಿಸುತ್ತಾನೆ. ಪ್ರತ್ಯೇಕ ಮ್ಯಾಕ್ ವಿಳಾಸ ಕೊಡದಿದ್ದಾಗ ಉಪಕರಣವು ಕಾಂಟೆಕ್ಸ್ಟ್‌ಗಳ ನ್ಯಾಟ್ ಪಟ್ಟಿಯಲ್ಲಿ ಗುರಿವಿಳಾಸವನ್ನು ಹುಡುಕುವುದು ಹೀಗೆಯೇ.

ನಾಲ್ಕನೇ ಸುತ್ತು: ಪಿನ್‌ಕೋಡೂ ಇಲ್ಲ, ಪಟ್ಟಿಯಲ್ಲಿ ಹೆಸರೂ ಇಲ್ಲ. ಲಕೋಟೆಯನ್ನು ಬಿಸಾಡಬೇಕು. ಪ್ಯಾಕೆಟ್‌ಗೂ ಇದೇ ಗತಿ.

ಐದನೇ ಸುತ್ತು: ಲಕೋಟೆಯ ಮೇಲೆ ‘ಎಲ್ಲರಿಗೂ’ ಎಂದಿದೆ. ಪ್ರತಿ ಮಾಡಿ ಮೂರೂ ಪೆಟ್ಟಿಗೆಗೆ ಹಾಕಬೇಕು. ಬ್ರಾಡ್‌ಕಾಸ್ಟ್ ಪ್ಯಾಕೆಟ್‌ಗಳು ಹೀಗೆ ಪ್ರತಿ ಕಾಂಟೆಕ್ಸ್ಟ್‌ಗೂ ತಲುಪುತ್ತವೆ.

ಐದನೇ ಸುತ್ತಿನಿಂದ ಎರಡನೆಯದಕ್ಕೆ ಒಂದು ಕೊಂಡಿ ಹಾಕಬಹುದು. ಹೊರಗಿನ ರೂಟರ್‌ಗೆ ಅಫಜಲಪುರದ ಮ್ಯಾಕ್ ವಿಳಾಸ ಗೊತ್ತಾಗುವುದು ಹೇಗೆ? ಅದು ‘203.0.113.12 ಯಾರದು?’ ಎಂದು ಎಲ್ಲರನ್ನೂ ಕೇಳುತ್ತದೆ. ಇದೇ ಎಆರ್‌ಪಿ ಪ್ರಶ್ನೆ. ಪ್ರಶ್ನೆ ಮೂರೂ ಕಾಂಟೆಕ್ಸ್ಟ್‌ಗೆ ತಲುಪುತ್ತದೆ, ಅಫಜಲಪುರ ಮಾತ್ರ ತನ್ನ ಮ್ಯಾಕ್ ವಿಳಾಸ ಕೊಟ್ಟು ಉತ್ತರಿಸುತ್ತದೆ. ಮುಂದಿನ ಪ್ಯಾಕೆಟ್‌ಗಳೆಲ್ಲ ಆ ‘ಪಿನ್‌ಕೋಡ್’ ಹೊತ್ತೇ ಬರುತ್ತವೆ. ಅಂದ ಹಾಗೆ 203.0.113 ಎಂದು ಆರಂಭವಾಗುವ ವಿಳಾಸಗಳನ್ನು ಪುಸ್ತಕ ಮತ್ತು ಪಾಠಗಳ ಉದಾಹರಣೆಗೆಂದೇ ಮೀಸಲಿಡಲಾಗಿದೆ. ಹಲಗೆಯ ಮೇಲೆ ಬರೆದ ವಿಳಾಸ ಯಾರದೋ ನಿಜವಾದ ಯಂತ್ರದ್ದಾಗಬಾರದು ಎಂಬ ಶಿಸ್ತನ್ನೂ ಇಲ್ಲಿ ಕಲಿಸಬಹುದು.

ಆಟ ಮುಗಿದ ಮೇಲೆ ಒಂದು ಮಾತನ್ನು ಒತ್ತಿ ಹೇಳಬೇಕು: ವಿಂಗಡಿಸುವುದು ಬೇರೆ, ಅನುಮತಿಸುವುದು ಬೇರೆ. ಲಕೋಟೆ ಆಳಂದದ ಪೆಟ್ಟಿಗೆಗೆ ಬಿದ್ದ ಮಾತ್ರಕ್ಕೆ ಆಳಂದದವರು ಅದನ್ನು ಒಪ್ಪಿಕೊಳ್ಳಬೇಕೆಂದಿಲ್ಲ. ವಿಂಗಡಕ ‘ಯಾರದು’ ಎಂದಷ್ಟೇ ನೋಡುತ್ತದೆ. ‘ಬಿಡಬೇಕೋ ಬೇಡವೋ’ ಎಂಬುದನ್ನು ಆ ಕಾಂಟೆಕ್ಸ್ಟ್‌ನ ನಿಯಮಪಟ್ಟಿ ನೋಡುತ್ತದೆ.

ಹಂತ 3: ವಿವರಣೆ – ಮೂರು ನೆಲೆಗಳು ಮತ್ತು ಹೆಜ್ಜೆಗಳ ಕ್ರಮ

ಎರಡನೇ ಅವಧಿ ಇಲ್ಲಿಂದ ಆರಂಭ. ಉದಾಹರಣೆಗೆ ಸಿಸ್ಕೊ ಕಂಪನಿಯ ಎಎಸ್‌ಎ ಉಪಕರಣವನ್ನು ತೆಗೆದುಕೊಳ್ಳುತ್ತೇವೆ. 2005ರಲ್ಲಿ ಬಂದ ಈ ಸಾಲಿನ ಉಪಕರಣಗಳ ಹಲವು ಮಾದರಿಗಳಲ್ಲಿ ಕಾಂಟೆಕ್ಸ್ಟ್ ಸೌಲಭ್ಯವಿದೆ. ಬೇರೆ ಕಂಪನಿಗಳು ಇದೇ ಕಲ್ಪನೆಗೆ ಬೇರೆ ಹೆಸರಿಟ್ಟಿವೆ: ಫೋರ್ಟಿನೆಟ್‌ನಲ್ಲಿ ವರ್ಚುವಲ್ ಡೊಮೇನ್ ಅಥವಾ ವಿಡಾಮ್, ಪಾಲೊ ಆಲ್ಟೊದಲ್ಲಿ ವರ್ಚುವಲ್ ಸಿಸ್ಟಂ, ಜುನಿಪರ್‌ನಲ್ಲಿ ಲಾಜಿಕಲ್ ಸಿಸ್ಟಂ. ಕಲ್ಪನೆ ಗಟ್ಟಿಯಾದರೆ ಹೆಸರು ಬದಲಾದರೂ ವಿದ್ಯಾರ್ಥಿಗೆ ದಾರಿ ತಪ್ಪುವುದಿಲ್ಲ.

ಎಎಸ್‌ಎಯಲ್ಲಿ ಮೂರು ನೆಲೆಗಳಿವೆ. ಮೊದಲನೆಯದು ಸಿಸ್ಟಂ ನೆಲೆ. ಕಾಂಟೆಕ್ಸ್ಟ್‌ಗಳನ್ನು ಹುಟ್ಟಿಸುವುದು, ಯಾರಿಗೆ ಯಾವ ಇಂಟರ್‌ಫೇಸ್ ಎಂದು ಹಂಚುವುದು ಇಲ್ಲಿಯೇ. ಆದರೆ ಪ್ಯಾಕೆಟ್‌ಗಳ ಓಡಾಟಕ್ಕೆಂದು ಇದಕ್ಕೆ ತನ್ನದೇ ಐಪಿ ವಿಳಾಸವಾಗಲಿ ನಿಯಮಪಟ್ಟಿಯಾಗಲಿ ಇರುವುದಿಲ್ಲ. ಭೂದಾಖಲೆ ಕಚೇರಿಯಲ್ಲಿ ಎಲ್ಲ ಹೊಲಗಳ ನಕ್ಷೆ ಇರುತ್ತದೆ, ಅಲ್ಲಿ ಬೆಳೆ ಬೆಳೆಯುವುದಿಲ್ಲ, ಹಾಗೆ. ಎರಡನೆಯದು ಅಡ್ಮಿನ್ ಕಾಂಟೆಕ್ಸ್ಟ್. ಇದು ಉಳಿದವುಗಳಂತೆ ಒಂದು ಕಾಂಟೆಕ್ಸ್ಟ್ ಆಗಿದ್ದರೂ, ಸಿಸ್ಟಂ ನೆಲೆಗೆ ಜಾಲ ಬೇಕಾದಾಗ ಇದರ ಮೂಲಕ ಹೋಗುತ್ತದೆ. ಇದರೊಳಗೆ ಪ್ರವೇಶ ಪಡೆದವರು ಸಿಸ್ಟಂ ನೆಲೆಗೂ ಬೇರೆ ಎಲ್ಲ ಕಾಂಟೆಕ್ಸ್ಟ್‌ಗಳಿಗೂ ಹೋಗಬಲ್ಲರು. ಆದ್ದರಿಂದ ಅಡ್ಮಿನ್ ಕಾಂಟೆಕ್ಸ್ಟ್‌ನ ಪಾಸ್‌ವರ್ಡ್ ಮುಖ್ಯ ನಿರ್ವಾಹಕರ ಕೈಯಲ್ಲಿ ಮಾತ್ರ ಇರಬೇಕು. ಮೂರನೆಯದು ಸಾಮಾನ್ಯ ಕಾಂಟೆಕ್ಸ್ಟ್‌ಗಳು. ಆಳಂದದ ನಿರ್ವಾಹಕರಿಗೆ ಆಳಂದದ ನಿಯಮಗಳು ಮಾತ್ರ ಕಾಣುತ್ತವೆ, ಜೇವರ್ಗಿಯವು ಕಾಣುವುದಿಲ್ಲ.

ಮುಂದೆ ಹೆಜ್ಜೆಗಳು. ಆದೇಶಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದೆ. ಹಲಗೆಯ ಮೇಲೆ ಅವುಗಳ ಮೂಲ ರೂಪ ಬರೆಯಬೇಕು.

ಹೆಜ್ಜೆ 1: ‘ಮೋಡ್ ಮಲ್ಟಿಪಲ್’. ಉಪಕರಣ ಒಪ್ಪಿಗೆ ಕೇಳಿ ಮರುಚಾಲನೆಯಾಗುತ್ತದೆ. ಅಲ್ಲಿಯವರೆಗಿನ ಕಾನ್ಫಿಗರೇಷನ್ ಎರಡು ಭಾಗವಾಗುತ್ತದೆ: ಒಂದು ಸಿಸ್ಟಂ ನೆಲೆಗೆ, ಇನ್ನೊಂದು ಅಡ್ಮಿನ್ ಕಾಂಟೆಕ್ಸ್ಟ್‌ಗೆ. ಹಳೆಯದರ ಪ್ರತಿಯೊಂದು ‘ಓಲ್ಡ್ ರನ್ನಿಂಗ್’ ಎಂಬ ಹೆಸರಿನ ಕಡತದಲ್ಲಿ ಉಳಿಯುತ್ತದೆ. ಮರುಚಾಲನೆ ಇರುವುದರಿಂದ ಕಚೇರಿ ಸಮಯದಲ್ಲಿ ಈ ಕೆಲಸ ಮಾಡಬಾರದು.

ಹೆಜ್ಜೆ 2: ಸಿಸ್ಟಂ ನೆಲೆಯಲ್ಲಿ ಉಪ-ಇಂಟರ್‌ಫೇಸ್‌ಗಳನ್ನು ಮಾಡುವುದು. ಒಳಗಿನ ಒಂದೇ ತಂತಿಯನ್ನು ವಿಎಲ್ಯಾನ್ 10, 20, 30 ಎಂದು ಮೂರು ಮಾಡುತ್ತೇವೆ. ಹೊರಗಿನ ಇಂಟರ್‌ಫೇಸ್ ಒಂದೇ; ಮೂವರೂ ಹಂಚಿಕೊಳ್ಳುತ್ತಾರೆ.

ಹೆಜ್ಜೆ 3: ‘ಮ್ಯಾಕ್-ಅಡ್ರೆಸ್ ಆಟೊ’. ಹಂಚಿಕೊಂಡ ಹೊರಗಿನ ಇಂಟರ್‌ಫೇಸ್‌ನಲ್ಲಿ ಪ್ರತಿ ಕಾಂಟೆಕ್ಸ್ಟ್‌ಗೆ ಬೇರೆ ಮ್ಯಾಕ್ ವಿಳಾಸ ಸಿಗುತ್ತದೆ. ಅಂಚೆಯ ಆಟದ ಎರಡನೇ ಸುತ್ತನ್ನು ನೆನಪಿಸಿ.

ಹೆಜ್ಜೆ 4: ‘ಕಾಂಟೆಕ್ಸ್ಟ್ ಆಳಂದ’ ಎಂದು ಕಾಂಟೆಕ್ಸ್ಟ್ ಹುಟ್ಟಿಸಿ, ‘ಅಲೊಕೇಟ್-ಇಂಟರ್‌ಫೇಸ್’ ಆದೇಶದಿಂದ ವಿಎಲ್ಯಾನ್ 10ರ ಉಪ-ಇಂಟರ್‌ಫೇಸ್ ಮತ್ತು ಹೊರಗಿನ ಇಂಟರ್‌ಫೇಸ್ ಎರಡನ್ನೂ ಅದಕ್ಕೆ ಕೊಡುವುದು.

ಹೆಜ್ಜೆ 5: ‘ಕಾನ್ಫಿಗ್-ಯುಆರ್‌ಎಲ್’ ಆದೇಶದಿಂದ ಈ ಕಾಂಟೆಕ್ಸ್ಟ್‌ನ ಕಾನ್ಫಿಗರೇಷನ್ ಕಡತ ಎಲ್ಲಿದೆ ಎಂದು ತಿಳಿಸುವುದು.

4 ಮತ್ತು 5ನೇ ಹೆಜ್ಜೆಗಳ ಕ್ರಮ ಅದಲುಬದಲಾಗಬಾರದು. ಕಡತದ ಜಾಗ ಹೇಳಿದ ಕೂಡಲೇ ಉಪಕರಣ ಅದನ್ನು ಓದಿ ಜಾರಿ ಮಾಡಲು ತೊಡಗುತ್ತದೆ. ಆ ಹೊತ್ತಿಗೆ ಇಂಟರ್‌ಫೇಸ್ ಕೊಟ್ಟಿರದಿದ್ದರೆ ಇಂಟರ್‌ಫೇಸ್ ಹೆಸರಿರುವ ಸಾಲುಗಳೆಲ್ಲ ವಿಫಲವಾಗುತ್ತವೆ. ಹೊಲದ ಒಂದು ಭಾಗವನ್ನು ಬೇರೆ ಮಾಡಿ ನೋಂದಣಿ ಮಾಡಿಸುವಾಗ 11ಇ ನಕ್ಷೆ ಮೊದಲು ಬೇಕು, ಹೊಸ ಪಹಣಿ ಆಮೇಲೆ. ಈ ಹೋಲಿಕೆ ಕೊಟ್ಟರೆ ಕ್ರಮವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಹೆಜ್ಜೆ 6: ‘ಚೇಂಜ್‌ಟು ಕಾಂಟೆಕ್ಸ್ಟ್ ಆಳಂದ’ ಎಂದು ಒಳಹೋಗಿ ಇಂಟರ್‌ಫೇಸ್‌ಗಳಿಗೆ ಹೆಸರು, ಭದ್ರತಾ ಮಟ್ಟ, ಐಪಿ ವಿಳಾಸ ಕೊಡುವುದು. ಒಳಗಿನದಕ್ಕೆ ಮಟ್ಟ 100, ಹೊರಗಿನದಕ್ಕೆ 0. ಹೆಚ್ಚಿನ ಮಟ್ಟದಿಂದ ಕಡಿಮೆ ಮಟ್ಟಕ್ಕೆ ಹೋಗಲು ಪೂರ್ವನಿಯೋಜಿತ ಅನುಮತಿ ಇದೆ. ಹೊರಗಿನಿಂದ ಹೊಸದಾಗಿ ಒಳಬರಲು ಪ್ರತ್ಯೇಕ ನಿಯಮ ಬರೆಯಬೇಕು. ನಂತರ ನ್ಯಾಟ್ ಮತ್ತು ನಿಯಮಪಟ್ಟಿ. ಹೊರಗಿನ ವಿಳಾಸಗಳು ಮೂವರಿಗೂ ಬೇರೆ ಬೇರೆ: ಆಳಂದಕ್ಕೆ 203.0.113.11, ಅಫಜಲಪುರಕ್ಕೆ 203.0.113.12, ಜೇವರ್ಗಿಗೆ 203.0.113.13.

ಹೆಜ್ಜೆ 7: ಅಫಜಲಪುರ, ಜೇವರ್ಗಿಗಳಿಗೂ ಹೀಗೆಯೇ ಮಾಡಿ, ಸಿಸ್ಟಂ ನೆಲೆಗೆ ಹಿಂದಿರುಗಿ ‘ರೈಟ್ ಮೆಮೊರಿ ಆಲ್’ ಕೊಡುವುದು. ‘ಆಲ್’ ಬಿಟ್ಟರೆ ಸಿಸ್ಟಂ ನೆಲೆಯದು ಮಾತ್ರ ಉಳಿಯುತ್ತದೆ. ಕಾಂಟೆಕ್ಸ್ಟ್‌ಗಳಲ್ಲಿ ಮಾಡಿದ ಕೆಲಸ ಮುಂದಿನ ಮರುಚಾಲನೆಯಲ್ಲಿ ಹೋಗಿಬಿಡಬಹುದು.

ಈ ಹಂತದಲ್ಲಿ ಕೇಳಬಹುದಾದ ಒಳ್ಳೆಯ ಪ್ರಶ್ನೆ: ಆಳಂದದ ಗಣಕಯಂತ್ರ ಜೇವರ್ಗಿಯ ಸರ್ವರ್‌ಗೆ ಹೋಗಬೇಕಾದರೆ? ಉಪಕರಣ ಒಂದೇ ಆದರೂ ಒಳದಾರಿ ಇಲ್ಲ. ಪ್ಯಾಕೆಟ್ ಆಳಂದದ ನಿಯಮ ದಾಟಿ ಹಂಚಿಕೊಂಡ ಹೊರಗಿನ ಇಂಟರ್‌ಫೇಸ್‌ಗೆ ಬಂದು, ಜೇವರ್ಗಿಯದೆಂದು ಮತ್ತೆ ವಿಂಗಡಣೆಯಾಗಿ, ಜೇವರ್ಗಿಯ ನಿಯಮವನ್ನೂ ದಾಟಬೇಕು. ಪಾಲಾದ ಮೇಲೆ ಅಣ್ಣನ ಮನೆಯಿಂದ ತಮ್ಮನ ಮನೆಗೆ ಹೋಗಲು ಬೀದಿಗೆ ಬಂದು ಅವನ ಬಾಗಿಲು ತಟ್ಟಬೇಕಲ್ಲವೇ?

ಹಂತ 4: ವಿಸ್ತರಣೆ – ಬಾವಿಯ ನೀರಿನ ಲೆಕ್ಕ

ಈಗ ಬಲಗಡೆಯ ಕಾಲಂಗೆ ಬನ್ನಿ. ಎಎಸ್‌ಎಯಲ್ಲಿ ಬೇರೆ ಏನೂ ಹೇಳದಿದ್ದರೆ ಹೆಚ್ಚಿನ ಸಂಪನ್ಮೂಲಗಳನ್ನು ಪ್ರತಿ ಕಾಂಟೆಕ್ಸ್ಟ್ ಮಿತಿಯಿಲ್ಲದೆ ಬಳಸಬಹುದು. ಒಂದು ಕಡೆಯ ಯಂತ್ರಕ್ಕೆ ವೈರಸ್ ತಗಲಿ ಅದು ಸಾವಿರಾರು ಸಂಪರ್ಕಗಳನ್ನು ತೆರೆಯತೊಡಗಿತು ಎಂದುಕೊಳ್ಳಿ. ಅಣ್ಣ ಹಗಲುರಾತ್ರಿ ಪಂಪ್ ಚಾಲೂ ಇಟ್ಟರೆ ತಮ್ಮಂದಿರ ಬೆಳೆ ಒಣಗಿದಂತೆ, ಉಳಿದ ಇಬ್ಬರಿಗೆ ಹೊಸ ಸಂಪರ್ಕ ಸಿಗುವುದಿಲ್ಲ. ಅವರ ನಿಯಮಪಟ್ಟಿಯಲ್ಲಿ ಒಂದು ಅಕ್ಷರವೂ ತಪ್ಪಿಲ್ಲ, ಆದರೂ ಅವರ ಕೆಲಸ ನಿಂತಿತು. ಎಡಗಡೆಯ ಕಾಲಂ ಮಾತ್ರ ಕಲಿತ ವಿದ್ಯಾರ್ಥಿ ಈ ದೋಷವನ್ನು ನಿಯಮಪಟ್ಟಿಯಲ್ಲೇ ಹುಡುಕುತ್ತಾ ಕೂರುತ್ತಾನೆ.

ಪರಿಹಾರ ‘ರಿಸೋರ್ಸ್ ಕ್ಲಾಸ್’. ಸಿಸ್ಟಂ ನೆಲೆಯಲ್ಲಿ ‘ಕ್ಲಾಸ್’ ಮಾಡಿ, ‘ಲಿಮಿಟ್-ರಿಸೋರ್ಸ್’ ಆದೇಶದಿಂದ ಮಿತಿ ಬರೆದು, ಕಾಂಟೆಕ್ಸ್ಟ್ ಅನ್ನು ಅದಕ್ಕೆ ಸೇರಿಸುತ್ತೇವೆ. ಲೆಕ್ಕ ಹೀಗಿರಲಿ: ಉಪಕರಣ ಒಟ್ಟು 50,000 ಸಂಪರ್ಕಗಳನ್ನು ತಾಳಬಲ್ಲದು. ಆಳಂದಕ್ಕೆ 40%, ಉಳಿದ ಎರಡಕ್ಕೆ 30% ಕೊಟ್ಟರೆ ಯಾರಿಗೆ ಎಷ್ಟು? 20,000, 15,000, 15,000. ಮೂವರಿಗೂ 50% ಕೊಟ್ಟರೆ? ತಲಾ 25,000, ಮೂರೂ ಸೇರಿ 75,000. ಇರುವುದಕ್ಕಿಂತ 25,000 ಹೆಚ್ಚು. ಉಪಕರಣ ಇದನ್ನು ತಡೆಯುವುದಿಲ್ಲ. ಮೂವರೂ ಒಂದೇ ಹೊತ್ತಿಗೆ ಪೂರ್ತಿ ಬಳಸುವುದು ಅಪರೂಪ ಎಂಬ ನಂಬಿಕೆಯ ಮೇಲೆ ಹೀಗೆ ಹಂಚುವುದೂ ಉಂಟು. ಇಂಥ ಹಂಚಿಕೆ ಸರಿಯೋ ತಪ್ಪೋ ಎಂದು ಐದು ನಿಮಿಷ ಚರ್ಚೆ ನಡೆಸಿ. ಫಲಿತಾಂಶ ಬರುವ ದಿನ ಮೂರೂ ಗ್ರಂಥಾಲಯಗಳು ತುಂಬಿರುತ್ತವೆ ಎಂಬ ಮಾತು ಮಕ್ಕಳ ಬಾಯಿಂದಲೇ ಬರಬಹುದು.

ಒಂದೇ ಉಪಕರಣ ಕೆಟ್ಟರೆ ಮೂರೂ ಕಾಂಟೆಕ್ಸ್ಟ್ ನಿಲ್ಲುತ್ತವೆ ಎಂಬುದೂ ಬಲಗಡೆಯ ಕಾಲಂನ ಪಾಠವೇ. ಅದಕ್ಕಾಗಿ ಎರಡು ಉಪಕರಣಗಳನ್ನು ಜೋಡಿಯಾಗಿ ಇಡುತ್ತಾರೆ. ಎಎಸ್‌ಎಯಲ್ಲಿ ಕಾಂಟೆಕ್ಸ್ಟ್‌ಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪು ಮೊದಲ ಉಪಕರಣದಲ್ಲಿ, ಇನ್ನೊಂದು ಗುಂಪು ಎರಡನೆಯದರಲ್ಲಿ ನಡೆಯುವಂತೆ ಮಾಡಬಹುದು. ಒಂದು ಕೆಟ್ಟರೆ ಎರಡೂ ಗುಂಪನ್ನು ಇನ್ನೊಂದು ಹೊರುತ್ತದೆ.

ಉಪಕರಣವಿಲ್ಲದೆ ಪ್ರಯೋಗ

ಲಿನಕ್ಸ್‌ನಲ್ಲಿ ‘ನೆಟ್‌ವರ್ಕ್ ನೇಮ್‌ಸ್ಪೇಸ್’ ಎಂಬ ಸೌಲಭ್ಯವಿದೆ. 2008ರ ಜನವರಿಯಲ್ಲಿ ಬಂದ 2.6.24 ಕರ್ನಲ್‌ನಿಂದ ಇದು ಬೆಳೆಯುತ್ತಾ ಬಂದಿದೆ. ಪ್ರತಿ ನೇಮ್‌ಸ್ಪೇಸ್‌ಗೆ ತನ್ನದೇ ಇಂಟರ್‌ಫೇಸ್, ರೂಟಿಂಗ್ ಪಟ್ಟಿ, ಫೈರ್‌ವಾಲ್ ನಿಯಮಗಳು ಇರುತ್ತವೆ. ಇದು ಕಾಂಟೆಕ್ಸ್ಟ್‌ಗೆ ತೀರ ಹತ್ತಿರದ ಕಲ್ಪನೆ.

ಪ್ರಯೋಗ ಹತ್ತು ನಿಮಿಷದ್ದು. ನಿರ್ವಾಹಕ ಅಧಿಕಾರದಲ್ಲಿ ‘ಐಪಿ ನೆಟ್‌ಎನ್‌ಎಸ್ ಆ್ಯಡ್’ ಆದೇಶದಿಂದ ಆಳಂದ, ಜೇವರ್ಗಿ ಎಂಬ ಎರಡು ನೇಮ್‌ಸ್ಪೇಸ್ ಮಾಡಿ. ಎರಡರಲ್ಲೂ ‘ಎಲ್‌ಒ’ ಇಂಟರ್‌ಫೇಸ್ ಚಾಲೂ ಮಾಡಿ. ಎರಡರ ಒಳಗಿನಿಂದಲೂ 127.0.0.1ಕ್ಕೆ ಪಿಂಗ್ ಕಳಿಸಿ. ಎರಡೂ ಕಡೆ ಉತ್ತರ ಬರುತ್ತದೆ. ಈಗ ಆಳಂದದೊಳಗೆ ಮಾತ್ರ ‘ಐಪಿಟೇಬಲ್ಸ್’ ಬಳಸಿ ಇನ್‌ಪುಟ್ ಸರಪಳಿಯಲ್ಲಿ ಐಸಿಎಂಪಿ ತಡೆಯುವ ನಿಯಮ ಸೇರಿಸಿ. ಮತ್ತೆ ಪಿಂಗ್ ಕಳಿಸಿದರೆ ಆಳಂದದಲ್ಲಿ ಉತ್ತರ ನಿಂತಿರುತ್ತದೆ, ಜೇವರ್ಗಿಯಲ್ಲಿ ಬರುತ್ತಲೇ ಇರುತ್ತದೆ. ಯಂತ್ರ ಒಂದು, ವಿಳಾಸವೂ ಒಂದೇ 127.0.0.1, ನಿಯಮ ಮಾತ್ರ ಬೇರೆ. ಕೊನೆಗೆ ಕೇಳಿ: ‘ಈ ಯಂತ್ರದ ಪ್ಲಗ್ ಕಿತ್ತರೆ?’ ಎಡ-ಬಲ ಕಾಲಂಗಳ ಅರ್ಥ ಆ ಒಂದು ಪ್ರಶ್ನೆಯಲ್ಲಿ ಮಕ್ಕಳಿಗೆ ಸಿಗುತ್ತದೆ.

ಹಂತ 5: ಮೌಲ್ಯಮಾಪನ

1. ಹೊರಗಿನ ಇಂಟರ್‌ಫೇಸ್ ಹಂಚಿಕೊಂಡಿದೆ, ಮ್ಯಾಕ್ ವಿಳಾಸಗಳು ಬೇರೆ ಬೇರೆ ಇವೆ. ಅಫಜಲಪುರದ ಮ್ಯಾಕ್ ವಿಳಾಸ ಹೊತ್ತ ಪ್ಯಾಕೆಟ್ ಬಂದಿದೆ, ಆದರೆ ಅದು ಕೇಳುವ ಸೇವೆಗೆ ಅಫಜಲಪುರದಲ್ಲಿ ಅನುಮತಿ ಇಲ್ಲ. ಪ್ಯಾಕೆಟ್ ಎಲ್ಲಿ ನಿಲ್ಲುತ್ತದೆ, ಏಕೆ?

2. ‘ಕಾನ್ಫಿಗ್-ಯುಆರ್‌ಎಲ್’ ಮೊದಲು ಕೊಟ್ಟು ಇಂಟರ್‌ಫೇಸ್ ಆಮೇಲೆ ಕೊಟ್ಟರೆ ಏನಾಗುತ್ತದೆ?

3. ಜೇವರ್ಗಿಯ ನಿಯಮಪಟ್ಟಿ ಸರಿಯಿದ್ದರೂ ಹೊಸ ಸಂಪರ್ಕಗಳು ಸಿಗುತ್ತಿಲ್ಲ. ನೀವು ಮೊದಲು ಏನನ್ನು ನೋಡುವಿರಿ?

4. ಆಳಂದದ ನಿರ್ವಾಹಕರಿಗೆ ಅಡ್ಮಿನ್ ಕಾಂಟೆಕ್ಸ್ಟ್‌ನ ಪಾಸ್‌ವರ್ಡ್ ಕೊಡುವುದು ಸರಿಯೇ? ಕಾರಣ ಬರೆಯಿರಿ.

ಮೊದಲ ಪ್ರಶ್ನೆಗೆ ‘ವಿಂಗಡಕದಲ್ಲೇ ನಿಲ್ಲುತ್ತದೆ’ ಎಂಬ ಉತ್ತರ ಬಂದರೆ ಅಂಚೆಯ ಆಟವನ್ನು ಮತ್ತೊಮ್ಮೆ ಆಡಿಸಬೇಕು. ಮೂರನೆಯದಕ್ಕೆ ‘ಬೇರೆ ಕಾಂಟೆಕ್ಸ್ಟ್‌ಗಳು ಎಷ್ಟು ಸಂಪರ್ಕ ಬಳಸುತ್ತಿವೆ ಎಂದು ನೋಡುವೆ’ ಎಂಬ ಉತ್ತರ ಬಂದರೆ ಪಾಠದ ಮುಖ್ಯ ಉದ್ದೇಶ ಈಡೇರಿದಂತೆ.

ಗೃಹಪಾಠ: ಮನೆಯಲ್ಲಿ ಅಥವಾ ಊರಿನಲ್ಲಿ ಹಲವರು ಹಂಚಿಕೊಂಡಿರುವ ಒಂದು ವಸ್ತುವನ್ನು ಆರಿಸಿ, ಅದಕ್ಕೆ ‘ಪಾಲಾದದ್ದು’, ‘ಪಾಲಾಗದೆ ಉಳಿದದ್ದು’ ಎಂಬ ಎರಡು ಕಾಲಂ ಬರೆದು ತನ್ನಿ.

ಹೋಲಿಕೆಯ ಮಿತಿ

ಯಾವ ಹೋಲಿಕೆಯೂ ಪೂರ್ತಿ ಹೊಂದುವುದಿಲ್ಲ. ಎಲ್ಲಿ ಹೊಂದುವುದಿಲ್ಲವೋ ಅದನ್ನು ಶಿಕ್ಷಕರೇ ಹೇಳಬೇಕು. ಹೊಲದ ಬದು ಕಣ್ಣಿಗೆ ಕಾಣುತ್ತದೆ. ಕಾಂಟೆಕ್ಸ್ಟ್‌ಗಳ ನಡುವಿನ ಬದು ತಂತ್ರಾಂಶದಲ್ಲಿ ಮಾತ್ರ ಇದೆ, ಆ ತಂತ್ರಾಂಶದಲ್ಲೇ ದೋಷವಿದ್ದರೆ ಮೂವರಿಗೂ ಅಪಾಯ. ಹೊಲ ಪಾಲಾದರೆ ಪ್ರತಿಯೊಬ್ಬರ ಭಾಗ ಚಿಕ್ಕದಾಗುತ್ತದೆ. ಕಾಂಟೆಕ್ಸ್ಟ್‌ನಲ್ಲಿ ಮಿತಿ ಹಾಕದಿದ್ದರೆ ಒಬ್ಬರೇ ಎಲ್ಲವನ್ನೂ ಬಳಸಿಬಿಡಬಹುದು. ಹಿಸ್ಸಾದ ಹೋಲಿಕೆಯನ್ನು ಪಾಲಾಗುವುದನ್ನು ತಿಳಿಸಲು, ಅಂಚೆಯ ಹೋಲಿಕೆಯನ್ನು ವಿಂಗಡಣೆ ತಿಳಿಸಲು ಮಾತ್ರ ಬಳಸಬೇಕು. ಎರಡನ್ನೂ ಕಲೆಸಿದರೆ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ಇನ್ನೊಂದು ಸೂಕ್ಷ್ಮವೂ ಇದೆ. ಪಾಲಿನ ವ್ಯಾಜ್ಯ ನಡೆಯುತ್ತಿರುವ ಮನೆಯ ಮಕ್ಕಳು ತರಗತಿಯಲ್ಲಿ ಇರಬಹುದು. ಯಾರ ಮನೆಯ ಹೊಲದ ಉದಾಹರಣೆಯನ್ನೂ ಕೇಳದೆ, ಹಲಗೆಯ ಮೇಲಿನ ಕಲ್ಪಿತ ಸರ್ವೆ ನಂಬರ್‌ನಲ್ಲೇ ಮಾತು ಮುಗಿಸುವುದು ಒಳ್ಳೆಯದು.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠವನ್ನು ತೆಗೆದುಕೊಳ್ಳುವವರು ಸಮಯ ಕಡಿಮೆ ಬಿದ್ದರೆ ಏಳು ಹೆಜ್ಜೆಗಳನ್ನು ಮೊಟಕುಗೊಳಿಸಲಿ. ಅಂಚೆಯ ಆಟವನ್ನೂ ಬಾವಿಯ ಲೆಕ್ಕವನ್ನೂ ಬಿಡಬಾರದು. ಆದೇಶಗಳು ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ, ಬೇಕಾದಾಗ ಕೈಪಿಡಿ ನೋಡಬಹುದು. ‘ಇದು ಯಾರದು?’ ಮತ್ತು ‘ಇದರಲ್ಲಿ ಹಂಚದೆ ಉಳಿದದ್ದೇನು?’ ಎಂದು ಕೇಳುವ ಅಭ್ಯಾಸ ಕೈಪಿಡಿಯಿಂದ ಬರುವುದಿಲ್ಲ, ತರಗತಿಯಲ್ಲೇ ಬರಬೇಕು. ಪಾಠ ಅವಲೋಕಿಸುವ ಪ್ರಶಿಕ್ಷಕರು ಹಲಗೆಯ ಬಲಗಡೆಯ ಕಾಲಂ ಎಷ್ಟು ತುಂಬಿದೆ ಎಂದು ನೋಡಿ ಅಂಕ ಕೊಟ್ಟರೆ, ಪಾಠದ ತಿರುಳಿಗೇ ಅಂಕ ಕೊಟ್ಟಂತಾಗುತ್ತದೆ.